ಮುಟ್ಟಬಾರದ ಮಾಂತ್ರಿಕ

ನಮ್ಮ ಮನೆಯಲ್ಲಿ ನನಗೆ ಯಾರೂ ಒಂದೇಟು ಹೊಡೆದವರಲ್ಲ. ಹೊಡೆಯಬೇಕಾದರೆ ಮೊದಲು ಮುಟ್ಟಬೇಕಲ್ಲ. ಶಾಲೆಯಲ್ಲಿ ಉಳಿದ ಮಕ್ಕಳು ಅಪ್ಪನ ಬೆಲ್ಟಿನ ಕಥೆ, ಅಮ್ಮನ ಸೌಟಿನ ಕಥೆ ಹೇಳಿಕೊಂಡು ನಗುವಾಗ ನನ್ನ ಹತ್ತಿರ ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ. ನೀನು ಪುಣ್ಯವಂತೆ ಎನ್ನುತ್ತಿದ್ದರು. ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಒಳಗೆ ಮಾತ್ರ ಆ ಬೆಲ್ಟಿನ ಮಕ್ಕಳ ಮೇಲೆ ಹೊಟ್ಟೆಕಿಚ್ಚು. ಹೊಡೆದ ಅಪ್ಪ ಸಂಜೆಗೆ ಚಕ್ಕುಲಿ ತಂದು ತಲೆ ಸವರಿದರು ಎಂಬಲ್ಲಿಗೆ ಅವರ ಕಥೆ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಕೊನೆಯ ಭಾಗ. ಹತ್ತು ವರ್ಷದವಳಾದ ನನಗೆ ಅಪ್ಪ ಒಮ್ಮೆ ನನ್ನನ್ನು ಹತ್ತಿರ ಎಳೆದು ಹಿಡಿದುಕೊಳ್ಳಬೇಕೆಂಬ ಆಸೆ ಬಿಟ್ಟರೆ ಬೇರೆ ದೊಡ್ಡ ಆಸೆ ಇರಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಲಿಕ್ಕೆ ನಾಚಿಕೆ.

ನಂತೂರಿನ ಹೆದ್ದಾರಿಯಿಂದ ಹನ್ನೊಂದು ಮೆಟ್ಟಿಲು ಇಳಿದರೆ ಗಣಪತಿಯ ಸಣ್ಣ ಗುಡಿ, ಗುಡಿಯ ಹಿಂದೆ ಬಾವಿ, ಬಾವಿಯ ಆಚೆ ಅರ್ಚಕರಿಗೆಂದು ದೇವಸ್ಥಾನದವರು ಕಟ್ಟಿಸಿದ ಹಂಚಿನ ಮನೆ. ಮೇಲೆ ಲಾರಿಗಳು ಗೇರು ಬದಲಿಸುವಾಗ ನಮ್ಮ ಅಡಿಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮನೆಯೊಳಗೆ ಒಂದಕ್ಕೊಂದು ತಾಗುತ್ತಿದ್ದದ್ದು ಅವು ಮಾತ್ರ. ಅಜ್ಜಿ ಮಿಂದು ಅಡಿಗೆಮನೆ ಹೊಕ್ಕರೆ ಮಧ್ಯಾಹ್ನದ ಊಟ ಆಗುವವರೆಗೆ ನನಗೆ ಬಾಗಿಲಿನ ಹೊರಗೆ ಜಾಗ. ದೋಸೆ ನನ್ನ ತಟ್ಟೆಗೆ ಮೇಲಿನಿಂದ ಬೀಳುತ್ತಿತ್ತು. ದೇವರ ಕೋಣೆಗೂ ಹೊಸಿಲವರೆಗೆ ಮಾತ್ರ ಹೋಗಬಹುದು. ನಡುಕೋಣೆಯಲ್ಲಿ ಮಾಡಿನಿಂದ ತೂಗಿಬಿಟ್ಟ ಬಿದಿರಿನ ಗಳದ ಮೇಲೆ ಅಪ್ಪನ ಮಡಿಪಂಚೆಗಳು ಒಣಗುತ್ತಿದ್ದವು. ಅವುಗಳನ್ನು ಕೋಲಿನಿಂದ ಏರಿಸಿ ಕೋಲಿನಿಂದಲೇ ಇಳಿಸಬೇಕು. ಅವು ಇದ್ದ ಎತ್ತರಕ್ಕೆ ನಾನು ಹಾರಿದರೂ ತಾಗುತ್ತಿರಲಿಲ್ಲ. ಆದರೂ ಅವುಗಳ ಅಡಿಯಲ್ಲಿ ಹೋಗುವಾಗ ಬಗ್ಗಿ ಹೋಗುತ್ತಿದ್ದೆ. ಈಗಲೂ ಯಾರದ್ದಾದರೂ ಮನೆಯಲ್ಲಿ ಬಟ್ಟೆ ಒಣಹಾಕಿದ ಕಡೆ ಹೋದರೆ ನನ್ನ ಬೆನ್ನು ತಾನಾಗಿ ಬಾಗುತ್ತದೆ. ಅಜ್ಜಿ ದಿನದಲ್ಲಿ ಅತಿ ಹೆಚ್ಚು ಸಲ ಹೇಳುತ್ತಿದ್ದ ಮಾತೆಂದರೆ “ಆಚೆ, ಆಚೆ.” ನಮ್ಮ ಮನೆಮಾತು ತುಳು, ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಪ್ಪ ನಸುಕಿಗೇ ಎದ್ದು ಬಾವಿಯಲ್ಲಿ ಮಿಂದು ಗುಡಿಗೆ ಹೋಗುತ್ತಿದ್ದರು. ಮಿಂದ ಮೇಲೆ ಅವರು ದೇವರ ಸೊತ್ತು. ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮತ್ತೆ ಮೀಯಬೇಕು. ಮಧ್ಯಾಹ್ನ ಬಂದು ಊಟ ಮಾಡಿ, ಚಾಪೆ ಬಿಡಿಸಿ ಮಲಗಿದರೆ ಆ ಎರಡು ಗಂಟೆ ಅವರು ಎಲ್ಲರ ಹಾಗೆ ಒಬ್ಬ ಮನುಷ್ಯ. ಆ ಹೊತ್ತಿಗೆ ನಾನು ಶಾಲೆಯಲ್ಲಿ. ನಾನು ಬರುವಷ್ಟರಲ್ಲಿ ಸಂಜೆಯ ಪೂಜೆಗೆ ಅವರ ಸ್ನಾನ ಆಗಿರುತ್ತಿತ್ತು. ಗುಡಿ ಮುಚ್ಚಿ ಬಂದು ಉಣ್ಣುವಾಗ ನನಗೆ ಅರ್ಧ ನಿದ್ದೆ. ಆದಿತ್ಯವಾರ ಬಂತೆಂದರೆ ಇನ್ನೂ ಕಷ್ಟ, ಯಾರದ್ದಾದರೂ ಗಣಹೋಮ, ಯಾರದ್ದಾದರೂ ಮಗುವಿನ ಅನ್ನಪ್ರಾಶನ. ಶಾಲೆಗೆ ಸೇರುವ ಮೊದಲು ಹೀಗಿರಲಿಲ್ಲವಂತೆ. ಬಟ್ಟೆಯಿಲ್ಲದ ಮಗು ಮುಟ್ಟಿದರೆ ಮಡಿ ಕೆಡುವುದಿಲ್ಲ ಎಂದು ಶಾಸ್ತ್ರ; ಹಾಗಾಗಿ ಅಮ್ಮ ನನ್ನ ಅಂಗಿ ಬಿಚ್ಚಿ ಬಿಟ್ಟರೆ ನಾನು ಓಡಿ ಹೋಗಿ ಅಪ್ಪನ ತೊಡೆಯ ಮೇಲೆ ಕೂರುತ್ತಿದ್ದೆನಂತೆ. ಯೂನಿಫಾರ್ಮು ಬಂದದ್ದೇ ಆ ಸೌಲಭ್ಯ ಮುಗಿಯಿತು. ಅದರ ನಂತರ ಅಪ್ಪನ ಕೈಯಿಂದ ನನಗೆ ನೇರವಾಗಿ ಬರುತ್ತಿದ್ದದ್ದು ಪ್ರಸಾದ ಮಾತ್ರ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೈ ಚಾಚಿದರೆ, ಎಲ್ಲರಿಗೂ ಹಾಕುವ ಹಾಗೆ ಒಂದು ಗೇಣು ಮೇಲಿನಿಂದ ಗಂಧ, ಹೂ ನನ್ನ ಅಂಗೈಗೂ ಬೀಳುತ್ತಿತ್ತು.

ಅಮ್ಮ ಕೊಡಿಯಾಲ್‌ಬೈಲಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ನನ್ನ ಜಡೆ ಹೆಣೆದು, ಸಂಜೆ ಬಂದು ಬಿಚ್ಚಿ, ಹೇನು ನೋಡಿ, ಜ್ವರ ಬಂದರೆ ಹಣೆ ಮುಟ್ಟಿ ನೋಡಿ, ಅವಳ ಕೈ ನನ್ನ ಮೇಲೆ ಬರುತ್ತಿದ್ದದ್ದು ಏನಾದರೊಂದು ಕೆಲಸಕ್ಕೆ. ಕೆಲಸ ಮುಗಿದರೆ ಕೈ ಹೋಗುತ್ತಿತ್ತು. ಪಾಪ, ಅವಳಿಗೂ ಎರಡೇ ಕೈ. ತಿಂಗಳಲ್ಲಿ ಮೂರು ದಿನ ಅವಳು ಹೊರಗೆ ಕೂರುವಾಗ ಅದೂ ಇಲ್ಲ. ಆ ಮೂರು ದಿನ ಆಫೀಸಿನ ಫೈಲು ಎಲ್ಲ ಮುಟ್ಟಬಹುದು, ಬಸ್ಸಿನಲ್ಲಿ ನೂರು ಜನರಿಗೆ ತಾಗಬಹುದು, ಮನೆಗೆ ಬಂದರೆ ಹಿಂದಿನ ಜಗಲಿಯ ಮೂಲೆ. ಆಗ ಎರಡು ಜಡೆಯ ಬದಲು ನಾನೇ ಹೇಗೋ ಕಟ್ಟಿಕೊಂಡ ಒಂದು ಜುಟ್ಟಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ನನ್ನ ಜುಟ್ಟು ನೋಡಿದರೆ ನಸೀಮಾಳಿಗೆ ಲೆಕ್ಕ ಗೊತ್ತಾಗುತ್ತಿತ್ತು. ಅವಳು ಏನೂ ಕೇಳದೆ ಬಿಡುವಿನ ವೇಳೆಯಲ್ಲಿ ಬಿಚ್ಚಿ ಸರಿಯಾಗಿ ಹೆಣೆದು ಕೊಡುತ್ತಿದ್ದಳು.

ನಸೀಮಾ ನನ್ನ ಒಂದೇ ಗೆಳತಿ. ನಮ್ಮ ಗುಡಿಯಿಂದ ಶಕ್ತಿನಗರದ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ಅಜ್ಜನಿಗೆ ಬಂದರಿನಲ್ಲಿ ಅಂಗಡಿ, ಅವಳು ಬಾಪ ಎನ್ನುವ ಅಪ್ಪ ದುಬೈಯಲ್ಲಿ. ಅವಳ ಮನೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದುಕೊಂಡೇ ಇರುತ್ತಿದ್ದರು. ಉಮ್ಮನ ತೊಡೆಯ ಮೇಲೆ ತಲೆಯಿಟ್ಟು ಒಬ್ಬ, ಕಾಲ ಮೇಲೆ ಇನ್ನೊಬ್ಬ. ಬಾಪ ರಜೆಯಲ್ಲಿ ಬಂದರೆ ಎರಡು ತಿಂಗಳೂ ಮಕ್ಕಳು ಅವರ ಮೈಯಿಂದ ಇಳಿಯುತ್ತಿರಲಿಲ್ಲ. ಪ್ರತಿ ಸಲ ಬರುವಾಗ ಅವರು ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ತರುತ್ತಿದ್ದರು. ಐದು ಸಂಪುಟದ ಒಂದು ದೊಡ್ಡ ಕಥೆ ಅದು, ಐವರು ಮಾಂತ್ರಿಕರದ್ದು. ಸಾಮಾನಿನ ಜೊತೆ ತುರುಕಿ ತಂದ ಕಾರಣ ಮೊದಲಿನದರ ರಟ್ಟು ಹರಿದು ಹೆಸರೇ ಇರಲಿಲ್ಲ. ನಾವು ಅದಕ್ಕೆ ಮಾಂತ್ರಿಕರ ಪುಸ್ತಕ ಎಂದೇ ಹೇಳುತ್ತಿದ್ದೆವು. ಮಾಂತ್ರಿಕರ ಹೆಸರುಗಳು ನಮ್ಮ ನಾಲಿಗೆಗೆ ಹೊರಳುವಂಥವಲ್ಲ. ಹಾಗಾಗಿ ನಾವೇ ಹೆಸರಿಟ್ಟೆವು. ಚಿಟಿಕೆ ಹೊಡೆದು ಬೆಂಕಿ ಹುಟ್ಟಿಸುವವಳು ಬೆಂಕಿಯಕ್ಕ. ಹಕ್ಕಿಗಳ ಮಾತು ತಿಳಿಯುವ ಮುದುಕ ಹಕ್ಕಿಯಜ್ಜ. ಕಾಣದ ಹಾಗೆ ಓಡಾಡುವ ತುಂಟ ಮಾಯದವ. ತಲೆಯ ಮೇಲೆ ಕೈಯಿಟ್ಟು ಎಂಥ ಗಾಯವನ್ನೂ ಮಾಯಿಸುವ ಮುದುಕ ಕೈಯಜ್ಜ. ಐದನೆಯವನು ಗೋಡೆಯವ.

ಪುಸ್ತಕ ಓದಲು ಕೊಡುವುದಕ್ಕೆ ನಸೀಮಾಳದ್ದೊಂದು ಕಾನೂನು ಇತ್ತು.

“ಮೊದಲು ನಿನ್ನ ಮಾಂತ್ರಿಕ ಯಾರು ಅಂತ ಹೇಳ್ಬೇಕು. ನನ್ನದು ಬೆಂಕಿಯಕ್ಕ. ನೀನು ಉಳಿದ ನಾಲ್ಕರಲ್ಲಿ ಒಬ್ಬರನ್ನು ತಕ್ಕೊ.”

“ಓದದೆ ಹೇಗೆ ಹೇಳುದು?”

“ಒಂದು ಪುಸ್ತಕ ಓದಿ ಹೇಳು. ಆದ್ರೆ ಹೇಳಿದ ಮೇಲೆ ಬದಲಿಸ್ಲಿಕ್ಕೆ ಇಲ್ಲ. ಐದನೆಯ ಪುಸ್ತಕ ಮುಗಿಯುವವರೆಗೂ ಅವನೇ.”

ಮೊದಲ ಪುಸ್ತಕ ಮುಗಿಸಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಅರ್ಥವಾಗದ ಶಬ್ದಗಳಿಗೆ ನಾವಿಬ್ಬರೂ ಅವರ ಜಗಲಿಯಲ್ಲಿ ಕೂತು ಅರ್ಥ ಕಟ್ಟುತ್ತಿದ್ದೆವು, ಕಟ್ಟಿದ್ದೇ ಸರಿ. ಅವರ ಮನೆಗೆ ಹೋಗಿ ಬಂದರೆ ನಾನು ಕೈಕಾಲು ತೊಳೆದು ಅಂಗಿ ಬದಲಿಸಬೇಕಿತ್ತು. ಹೋಗಬೇಡ ಎಂದು ಅಪ್ಪನಾಗಲಿ ಅಮ್ಮನಾಗಲಿ ಒಮ್ಮೆಯೂ ಹೇಳಲಿಲ್ಲ. ಕೊನೆಗೆ ನಾನು ಕೈಯಜ್ಜನನ್ನು ಆರಿಸಿದೆ. ಯಾಕೆ ಎಂದು ನಸೀಮಾ ಕೇಳಿದಾಗ, ಗಾಯ ಗುಣ ಮಾಡುವವರು ಬೇಕಲ್ಲ, ಡಾಕ್ಟರ ಹಾಗೆ, ಎಂದು ಏನೋ ಒಂದು ದೊಡ್ಡ ಮಾತು ಹೇಳಿದೆ. ನಿಜ ಏನೆಂದರೆ, ಆ ಪುಸ್ತಕದಲ್ಲಿ ಕೈಯಜ್ಜ ಯಾರ ತಲೆಯ ಮೇಲಾದರೂ ಕೈಯಿಡುವ ಪುಟ ಬಂದಾಗ ನಾನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಗೋಡೆಯವನನ್ನು ಮಾತ್ರ ನಮಗಿಬ್ಬರಿಗೂ ಕಂಡರಾಗದು. ಅವನು ಯುದ್ಧ ಮಾಡುವುದಿಲ್ಲ, ಹಾರುವುದಿಲ್ಲ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಒಂದು ಊರು, ಸುತ್ತ ಒಂದು ಗೋಡೆ; ಅವನು ಆ ಗೋಡೆಯ ಮೇಲೆ ನಿಂತಿರುತ್ತಾನೆ. ಅವನ ಶಕ್ತಿಯಿಂದ ಗೋಡೆ ನಿಂತಿದೆ, ಗೋಡೆಯಿಂದ ಊರು. ಆದರೆ ಜೀವವಿರುವ ಯಾರೂ ಅವನನ್ನು ಮುಟ್ಟಬಾರದು. ಮುಟ್ಟಿದರೆ ಶಕ್ತಿ ಇಳಿದು ಹೋಗುತ್ತದೆ. ಊರಿನವರು ಅವನ ಊಟವನ್ನು ಉದ್ದ ಕೋಲಿನ ತುದಿಗೆ ಕಟ್ಟಿ ಕೊಡುತ್ತಾರೆ. ನೂರು ಪುಟಕ್ಕೊಮ್ಮೆ ಬಂದು ಏನಾದರೂ ಗೊಣಗಿ ಹೋಗುವ ಅವನನ್ನು ಲೇಖಕರು ಯಾಕೆ ಇಟ್ಟುಕೊಂಡರೆಂದೇ ನಮಗೆ ತಿಳಿಯುತ್ತಿರಲಿಲ್ಲ. ಮೂರನೆಯ ಪುಸ್ತಕ ಬಂದ ವಾರ, ಕೋಲಿನ ಚಿತ್ರವಿದ್ದ ಪುಟ ತೆರೆದಾಗ ನಸೀಮಾ ಒಮ್ಮೆಲೇ ನಕ್ಕಳು.

“ಹೇ, ಇವನು ನಿನ್ನ ಅಪ್ಪನ ಹಾಗೆಯೇ ಉಂಟಲ್ಲ ಮಾರಾಯ್ತಿ.”

“ಎಂತ ಹಾಗೆ?”

“ಹೀಗೆಯೇ. ಮುಟ್ಲಿಕ್ಕೆ ಇಲ್ಲ, ಹತ್ತಿರ ಬರ್ಲಿಕ್ಕೆ ಇಲ್ಲ. ನಿನ್ನ ಅಪ್ಪ ನಿನ್ನನ್ನು ಒಮ್ಮೆಯಾದ್ರೂ ಎತ್ತಿಕೊಂಡದ್ದು ನಾನು ನೋಡ್ಲಿಲ್ಲ.”

ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಶಾಲೆಯಲ್ಲಿ ಹುಡುಗರು “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂದು ನನ್ನ ಬೆನ್ನ ಹಿಂದೆ ಹಾಡುವಾಗ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವಳೇ ಅವಳು. ಆದರೆ ಅವತ್ತು ನನಗೆ ಕೋಪ ನೆತ್ತಿಗೇರಿತು. ಪುಸ್ತಕ ಎತ್ತಿಕೊಂಡು ಬಂದುಬಿಟ್ಟೆ. ಮನೆಗೆ ಬಂದು ಜಗಲಿಯಲ್ಲಿ ಕೂತು ಒಬ್ಬಳೇ ಓದಿದೆ. ಆ ಪುಸ್ತಕದ ಕೊನೆಯಲ್ಲಿ ಊರಿನ ಒಂದು ಮಗು ಗೋಡೆ ಹತ್ತಿ ಹೋಗಿ ಅವನ ಅಂಗಿ ಹಿಡಿಯುತ್ತದೆ. ಗೋಡೆ ಬಿರಿಯುತ್ತದೆ. ಅವನು ಮಗುವನ್ನು ಕೋಲಿನಿಂದ ದೂರ ದೂಡಿ, ಏಳು ದಿನ ನಿದ್ದೆಯಿಲ್ಲದೆ ನಿಂತು ಬಿರುಕು ಮುಚ್ಚುತ್ತಾನೆ. ಓದಿ ಮುಗಿಸಿ ತಲೆಯೆತ್ತಿದರೆ ಎದುರಿಗೆ ಬಾವಿಕಟ್ಟೆಯಲ್ಲಿ ಅಪ್ಪ ಸಂಜೆಯ ಸ್ನಾನ ಮುಗಿಸಿ ಕೊಡಪಾನ ತುಂಬಿಸುತ್ತಿದ್ದರು. ನಮ್ಮ ನಡುವೆ ಹತ್ತು ಹೆಜ್ಜೆ ದೂರ. ಅಪ್ಪನಿಗೆ ನನ್ನನ್ನು ಮುಟ್ಟಲು ಆಗುವುದಿಲ್ಲವೋ, ಮುಟ್ಟಲು ಮನಸ್ಸಿಲ್ಲವೋ? ಮೊದಲ ಬಾರಿಗೆ ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು, ಹೊಕ್ಕದ್ದು ಹೊರಗೆ ಹೋಗಲಿಲ್ಲ. ಮುಟ್ಟಿಯೇ ನೋಡಬೇಕು ಎಂದು ನಿಶ್ಚಯಿಸಿದೆ.

ಆರಿಸಿದ ದಿನ ಮಾತ್ರ ಕೆಟ್ಟದ್ದು. ಆದಿತ್ಯವಾರ ಬೆಳಿಗ್ಗೆ ಒಬ್ಬರು ಹೊಸ ಲಾರಿ ಕೊಂಡು ಪೂಜೆಗೆ ತಂದಿದ್ದರು. ನಮ್ಮದು ಹೆದ್ದಾರಿ ಬದಿಯ ಗಣಪತಿಯಾದ್ದರಿಂದ ವಾಹನದವರೇ ದೊಡ್ಡ ಭಕ್ತರು. ಏಳೂವರೆಯ ಒಳಗೆ ಮುಹೂರ್ತ. ಮೆಟ್ಟಿಲು ಹತ್ತಿದಲ್ಲಿ ರಸ್ತೆಯ ಬದಿಗೆ ಲಾರಿ ಗೊಂಡೆಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು, ಅದರ ಮುಂದೆ ಮನೆಯವರೆಲ್ಲ, ಜೊತೆಗೆ ದೇವಸ್ಥಾನದ ಮೊಕ್ತೇಸರರು. ಅಪ್ಪನಿಗೆ ಮೊದಲೇ ಎರಡು ದಿನದಿಂದ ಶೀತ. ಅವರು ಮಿಂದು ಕೊಡಪಾನ ಹೊತ್ತು ಗುಡಿಯ ಬದಿಬಾಗಿಲಿಗೆ ಹೊರಟಿದ್ದರು. ನಾನು ದಾಸವಾಳ ಗಿಡದ ಹಿಂದಿನಿಂದ ಬಂದು ಅವರ ಮೊಣಕೈ ಹಿಡಿದೆ.

ಗೋಡೆ ಬಿರಿಯಲಿಲ್ಲ. ಅಪ್ಪ ನಿಂತರು.

“ಕಾಣ್ಲಿಲ್ಲವಾ ಮಗಾ? ಪರವಾಗಿಲ್ಲ. ನೀನು ಒಳಗೆ ಹೋಗು.”

ಕೊಡಪಾನದ ನೀರನ್ನು ದಾಸವಾಳದ ಬುಡಕ್ಕೆ ಹೊಯ್ದು ಬಾವಿಗೆ ವಾಪಸು ಹೋದರು. ರಾಟೆ ಕಿರುಗುಟ್ಟಿತು. ಮೂರು ಕೊಡ ನೀರು ತಲೆಯ ಮೇಲೆ, ಬೇರೆ ಪಂಚೆ, ಮತ್ತೆ ಕೊಡಪಾನ. ನಾನು ಒಳಗೆ ಹೋಗಿರಲಿಲ್ಲ. ನನಗೆ ಉತ್ತರ ಸಿಕ್ಕಿರಲಿಲ್ಲ. ಕಾಣದೆ ತಾಗಿದ್ದು ಎಂದು ಅವರು ತಿಳಿದದ್ದರಿಂದ ಅದು ಲೆಕ್ಕಕ್ಕಿಲ್ಲ. ಬದಿಬಾಗಿಲ ಹತ್ತಿರ ಮತ್ತೆ ಹಿಡಿದೆ, ಈ ಸಲ ಬೆರಳುಗಳನ್ನು.

“ಎಂತ ಇದು ವಸೂ? ಮೇಲೆ ಜನ ಕಾಯ್ತಾ ಇದ್ದಾರೆ.”

ಬೈದದ್ದಲ್ಲ, ಕೇಳಿದ್ದು. ಅವರು ಮತ್ತೆ ಹೋಗಿ ಮಿಂದರು. ಈಗ ಅವರಿಗೆ ಸೀನು ಹತ್ತಿತ್ತು. ಮೇಲಿನಿಂದ ಯಾರೋ “ಭಟ್ರೇ, ಆಯ್ತಾ?” ಎಂದು ಕೂಗಿದರು. ಮೂರನೆಯ ಸಲ ನಾನು ಅಡಗಿಕೊಳ್ಳಲಿಲ್ಲ. ಅವರು ಪಂಚೆ ಉಟ್ಟು ತಿರುಗುವಾಗ ನೇರವಾಗಿ ಹೋಗಿ ಎರಡೂ ಕೈಯಿಂದ ಅವರ ಸೊಂಟ ಬಳಸಿ ಹಿಡಿದುಬಿಟ್ಟೆ. ನನ್ನ ಕೆನ್ನೆ ಅವರ ಹೊಟ್ಟೆಗೆ ತಾಗಿತು. ಮೈ ತಣ್ಣಗಿತ್ತು, ಜನಿವಾರದಿಂದ ನೀರು ಇಳಿಯುತ್ತಿತ್ತು. ಈಗ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದರೆ ಹೊಡೆಯಲಿ, ಅದೂ ಒಂದು ಮುಟ್ಟುವುದೇ.

“ನಿನಗೆ ಎಂತ ಆಗ್ಬೇಕು ಮಗಾ? ಹೇಳು.”

“ಎಂತ ಇಲ್ಲ.”

“ಸುಮ್ಮನೆ ಮುಟ್ಟಿದ್ದಾ?”

“ಹೂಂ.”

ಅವರು ಗುಡಿಯ ಕಡೆ ನೋಡಿದರು. ಮೆಟ್ಟಿಲ ಕಡೆ ನೋಡಿದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತರು.

“ಹೇಗೂ ಮುಟ್ಟಿ ಆಯ್ತಲ್ಲ,” ಎಂದರು. “ಇನ್ನು ಮೀಯ್ಲೇ ಬೇಕು. ಸ್ವಲ್ಪ ಹೊತ್ತು ಇರ್ಲಿ. ಬಾ.”

ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಹತ್ತು ವರ್ಷದ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿತ್ತು. ಎಲ್ಲಿ ಇಡಬೇಕೆಂದು ನನಗೂ ಗೊತ್ತಾಗಲಿಲ್ಲ, ಅವರಿಗೂ ಕೈ ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ. ಕೊನೆಗೆ ನನ್ನ ತಲೆಯ ಮೇಲೆ ಇಟ್ಟರು. ಅವರ ಕೈಯಲ್ಲಿ ಗಂಧ ತೇಯ್ದು ತೇಯ್ದು ದಡ್ಡುಗಟ್ಟಿದ ಗುರುತು ಇತ್ತು, ಅದು ನನ್ನ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ನನಗೆ ಆದ ಸಂತೋಷವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

“ಆ ನಸೀಮನ ಪುಸ್ತಕದಲ್ಲಿ ಎಂತ ಉಂಟು? ಯಾವಾಗ ನೋಡಿದ್ರೂ ಓದ್ತಾ ಇರ್ತಿ.”

ಗೋಡೆಯವನ ಕಥೆ ಹೇಳಿದೆ. ಮುಟ್ಟಬಾರದ್ದು, ಕೋಲಿನ ಊಟ, ಮಗು ಅಂಗಿ ಹಿಡಿದದ್ದು. ಅಪ್ಪ ಬಹಳ ಗಂಭೀರವಾಗಿ ಕೇಳಿದರು.

“ಅವನಿಗೆ ಮೀಯ್ಲಿಕ್ಕೆ ಬಾವಿ ಇಲ್ಲವಾ?”

“ಸಮುದ್ರ ಉಂಟು.”

“ಉಪ್ಪುನೀರು. ಆಗ್ಲಿಕ್ಕಿಲ್ಲ. ಪಾಪ.”

ಆ ಹೊತ್ತಿಗೆ ಮೇಲೆ ಹೊಸ ಲಾರಿಯ ಹಾರ್ನು ಕೂಗಿತು, ಉದ್ದಕ್ಕೆ. ಹಾರ್ನಿಗೆ ಅಡಿಗೆಮನೆಯಿಂದ ಅಜ್ಜಿ ಹೊರಗೆ ಬಂದರು. ಮಡಿಯಲ್ಲಿದ್ದ ಮಗ ಬಾವಿಕಟ್ಟೆಯ ಮೇಲೆ ಮಗಳನ್ನು ತೊಡೆಯಲ್ಲಿಟ್ಟುಕೊಂಡು ಕೂತದ್ದು ನೋಡಿ ಅವರ ಬಾಯಿಂದ “ಆಚೆ” ಕೂಡ ಹೊರಡಲಿಲ್ಲ. ಅಪ್ಪ ನನ್ನನ್ನು ನಿಧಾನವಾಗಿ ಇಳಿಸಿ, ಕೊಡವನ್ನು ಬಾವಿಗೆ ಇಳಿಸಿದರು.

ಮುಹೂರ್ತ ಮೀರಿತ್ತು. ಪೂಜೆಯೇನೋ ಆಯಿತು, ಲಾರಿ ಚಕ್ರದಡಿಯ ಲಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಹೋಯಿತು. ಆದರೆ ಲಾರಿಯವರ ಮುಖ ಸಪ್ಪೆ. ಅವರೆಲ್ಲ ಹೋದ ಮೇಲೆ ಮೊಕ್ತೇಸರರು ಗುಡಿಯ ಜಗಲಿಯಲ್ಲಿ ಅಪ್ಪನನ್ನು ನಿಲ್ಲಿಸಿ ಕೇಳಿದರು. ನಾನು ಕಂಬದ ಹಿಂದೆ ಇದ್ದೆ.

“ಎಂತ ಭಟ್ರೇ, ಅರ್ಧ ಗಂಟೆ ಎಲ್ಲಿದ್ರಿ? ಹೀಗಾದ್ರೆ ಯಾರು ಬರ್ತಾರೆ ಇಲ್ಲಿಗೆ? ನಾಳೆ ಕಮಿಟಿಯಲ್ಲಿ ನನಗೆ ಉತ್ತರ ಕೊಡ್ಲಿಕ್ಕೆ ಉಂಟು. ಬೇರೆಯವರನ್ನು ನೋಡುವ ಅಂತ ಹೇಳಿದ್ರೆ ನಾನು ಎಂತ ಹೇಳ್ಲಿ?”

“ಬಾವಿಯ ಹಗ್ಗ ತುಂಡಾಯ್ತು,” ಎಂದರು ಅಪ್ಪ. “ತಪ್ಪಾಯ್ತು. ಇನ್ನು ಹಾಗೆ ಆಗ್ಲಿಕ್ಕಿಲ್ಲ.”

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಡಿಯುಟ್ಟು, ದೇವರ ಎದುರು ನಿಂತು, ತಲೆ ತಗ್ಗಿಸಿ ಹೇಳಿದ ಸುಳ್ಳು. ನಾವಿದ್ದ ಮನೆ ದೇವಸ್ಥಾನದ್ದು, ಅಮ್ಮ ಸಂಜೆ ಬಂದು ಇಳಿಯುತ್ತಿದ್ದದ್ದು ಆ ಮನೆಗೆ, ಅಜ್ಜಿಯ ಅಡಿಗೆಮನೆ, ಬಿದಿರಿನ ಗಳ, ಸದ್ದು ಮಾಡುವ ಲೋಟಗಳು ಎಲ್ಲ ಆ ಮನೆಯಲ್ಲಿ. ಬೇರೆಯವರನ್ನು ನೋಡಿದರೆ ಎಂದರೆ ನಾವು ಅಲ್ಲಿಂದ ಹೊರಡಬೇಕು ಎಂದು ತಿಳಿಯುವಷ್ಟು ಬುದ್ಧಿ ನನಗಿತ್ತು. ನಾನು ಕಂಬಕ್ಕೆ ಅಂಟಿಕೊಂಡು ನಿಂತೆ. ಗೋಡೆ ಬಿರಿದ ಹಾಗಾಯಿತು. ಅಪ್ಪನಿಗೆ ಒಂದು ವಾರ ಜ್ವರ ಬಂತು. ಜ್ವರದಲ್ಲಿಯೇ ಮಿಂದು ಪೂಜೆ ಮಾಡಿದರು. ಅಜ್ಜಿ ನನ್ನ ಹತ್ತಿರ ಮಾತು ಬಿಟ್ಟರು. ಮಕ್ಕಳಿಗೆ ಬುದ್ಧಿ ಹೇಳುವುದು ತಾಯಿಯ ಕೆಲಸ ಎಂಬ ಮಾತನ್ನು ಅಮ್ಮನೂ ಅವರಿಂದ ಕೇಳಬೇಕಾಯಿತು. ಅಮ್ಮ ನನ್ನ ಜಡೆಯನ್ನು ಸ್ವಲ್ಪ ಬಿಗಿಯಾಗಿ ಎಳೆದು ಹೆಣೆದಳು.

ಅಂದಿನಿಂದ ನಾನು ಅಪ್ಪನ ದಾರಿಗೆ ಅಡ್ಡ ಹೋಗಲಿಲ್ಲ. ಅವರು ಮಿಂದು ಬರುವುದು ಕಂಡರೆ ಅವರಿಗಿಂತ ಮೊದಲು ನಾನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಯಾರೂ “ಆಚೆ” ಎನ್ನಬೇಕಾಗಿಯೇ ಇರಲಿಲ್ಲ. ಅಪ್ಪನಿಗೆ ಅದು ಕಾಣಿಸಿರಬೇಕು. ಕೆಲವು ದಿನ ಕೊಡಪಾನ ಹೊತ್ತು ಹೋಗುವಾಗ ಹತ್ತು ಹೆಜ್ಜೆ ದೂರದಿಂದ ಕೇಳುತ್ತಿದ್ದರು.

“ಗೋಡೆಯವ ಎಂತ ಮಾಡ್ತಾನೆ?”

“ನಿಂತಿದ್ದಾನೆ.”

“ಹಾಂ,” ಎಂದು ಹೋಗುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗಿ ನನಗೇ ತಿಂಗಳ ಮೂರು ದಿನದ ಜಗಲಿಯ ಮೂಲೆ ಬಂದ ಮೇಲೆ ಅದೂ ನಿಂತುಹೋಯಿತು. ಆದರೆ ಆ ಮೂಲೆಯಲ್ಲಿ ನನ್ನ ಜೊತೆ ಒಮ್ಮೊಮ್ಮೆ ಅಮ್ಮನೂ ಇರುತ್ತಿದ್ದಳು. ಇಬ್ಬರೂ ಹೊರಗಾದಾಗ ಮಾತ್ರ ಅವಳು ಕೆಲಸವಿಲ್ಲದೆಯೂ ನನ್ನ ಬೆನ್ನು ಸವರಿದ್ದು ನೆನಪಿದೆ.

ಜ್ವರದ ಆ ವಾರ ಮುಗಿದ ಮೇಲೆ ನಾನು ನಸೀಮಾಳ ಮನೆಗೆ ಹೋಗಿ ಮೂರನೆಯ ಪುಸ್ತಕ ಕೊಟ್ಟು, ನನ್ನ ಮಾಂತ್ರಿಕ ಗೋಡೆಯವ ಎಂದು ಹೇಳಿದೆ.

“ಬದಲಿಸ್ಲಿಕ್ಕೆ ಇಲ್ಲ ಅಂತ ಮೊದಲೇ ಹೇಳಿದ್ದೇನೆ.”

“ಹಾಗಾದ್ರೆ ಪುಸ್ತಕ ಬೇಡ.”

“ಅವನಲ್ಲಿ ಎಂತ ಉಂಟು ಮಾರಾಯ್ತಿ? ನಿಲ್ಲುದೇ ಅಲ್ವಾ?”

ಏನಿದೆ ಎಂದು ನನಗೆ ಗೊತ್ತಿತ್ತು. ಅದುವರೆಗೆ ಗೋಡೆಯವನಿಗೆ ಯಾರೂ ಬೇಡ ಎಂದು ತಿಳಿದಿದ್ದೆ. ಅವನಿಗೂ ಬೇಕು, ಬೇಕಾಗಿಯೂ ನಿಂತಿದ್ದಾನೆ ಎಂದು ಈಗ ತಿಳಿದಿತ್ತು. ಇನ್ನೂ ಒಂದು ವಿಷಯ ನನಗೆ ಗೊತ್ತಿತ್ತು, ಅದು ಆ ಪುಸ್ತಕ ಬರೆದವರಿಗೆ ಗೊತ್ತಿರಲಿಲ್ಲ. ಮಗು ಮುಟ್ಟಿದ ಕೂಡಲೇ ಕೋಲಿನಿಂದ ದೂಡುವ ಅಗತ್ಯ ಇರಲಿಲ್ಲ. ಹೇಗೂ ಮುಟ್ಟಿ ಆಗಿತ್ತು. ಮತ್ತೆ ಮೀಯುವವರೆಗೆ ಸ್ವಲ್ಪ ಹೊತ್ತು ಇದೆ. ಬಾವಿಯಿಲ್ಲದ ಊರಿನವರಿಗೆ ಇದು ಹೊಳೆಯಲಿಕ್ಕಿಲ್ಲ. ನಸೀಮಾ ಒಂದು ತಿಂಗಳು ಹಟ ಹಿಡಿದು, ಆಮೇಲೆ ಅವಳೇ ನಾಲ್ಕನೆಯ ಪುಸ್ತಕ ತಂದು ನನ್ನ ಚೀಲಕ್ಕೆ ತುರುಕಿದಳು. ಅದರಲ್ಲಿ ಗೋಡೆಯವ ಎರಡೇ ಸಲ ಬಂದ. ಐದನೆಯದು ಬರುವ ಮೊದಲು ಅವಳ ಬಾಪ ಎಲ್ಲರನ್ನೂ ದುಬೈ ಕರೆಸಿಕೊಂಡರು. ಶಕ್ತಿನಗರದ ದಾರಿಯ ಆ ಮನೆಗೆ ಬೀಗ ಬಿತ್ತು. ಶಾಲೆಯಿಂದ ಬರುವಾಗ ನಾನು ಅವರ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಮನೆಗೆ ಬಂದು ಅಂಗಿ ಬದಲಿಸುವುದನ್ನು ಮಾತ್ರ ಬಿಡಲಿಲ್ಲ, ಯಾರನ್ನೂ ಮುಟ್ಟಿರದಿದ್ದರೂ.

ಎಷ್ಟೋ ವರ್ಷಗಳ ಮೇಲೆ, ಅಜ್ಜಿ ತೀರಿಕೊಂಡು, ಅಪ್ಪ ಮೊಣಕಾಲು ಸೋತು ಗುಡಿ ಬಿಟ್ಟ ಮೇಲೆ ಅಪ್ಪ ಅಮ್ಮ ನನ್ನ ಜೊತೆ ಕೊಡಿಯಾಲ್‌ಬೈಲಿನ ಫ್ಲ್ಯಾಟಿಗೆ ಬಂದರು. ನಾನು ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮದುವೆ ಆಗಲಿಲ್ಲ. ಈಗ ಅಪ್ಪನನ್ನು ಇಡೀ ದಿನ ಮುಟ್ಟಬಹುದಿತ್ತು. ಮುಟ್ಟಬಹುದಾದ ಕಾಲ ಬಂದಾಗ ಇಬ್ಬರಿಗೂ ಅಭ್ಯಾಸ ತಪ್ಪಿತ್ತು. ಲಿಫ್ಟಿನಲ್ಲಿ ಅವರು ಪಂಚೆಯ ಅಂಚು ಒಟ್ಟುಮಾಡಿಕೊಂಡು ಮೂಲೆಗೆ ಸರಿಯುತ್ತಿದ್ದರು, ನಾನು ಇನ್ನೊಂದು ಮೂಲೆಗೆ. ಮಾತ್ರೆ ಕೊಟ್ಟರೆ ಅವರು ಅಂಗೈ ಚಾಚುತ್ತಿದ್ದರು, ನಾನು ಒಂದು ಗೇಣು ಮೇಲಿನಿಂದ ಹಾಕುತ್ತಿದ್ದೆ. ಹಾಗೆ ಹಾಕುತ್ತಿದ್ದೇನೆ ಎಂದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ತಿಂಗಳ ಮೇಲೆ.

ಕಳೆದ ವರ್ಷ ನಸೀಮಾ ಫೋನು ಮಾಡಿದಳು. ಅವಳ ಮಗಳ ಸ್ನೇಹಿತೆಯ ಮನೆಯಲ್ಲಿ ಐದನೆಯ ಪುಸ್ತಕ ಸಿಕ್ಕಿತಂತೆ, ಎರಡು ದಿನದಲ್ಲಿ ಓದಿ ಮುಗಿಸಿದಳಂತೆ.

“ನಿನ್ನ ಗೋಡೆಯವನನ್ನು ಕೊನೆಗೆ ಯಾರಾದ್ರೂ ಮುಟ್ತಾರಾ ಇಲ್ಲವಾ, ಹೇಳ್ಲಾ?”

“ಬೇಡ.”

“ಈಗಲಾದ್ರೂ ಬದಲಿಸ್ತೀಯಾ? ಬದಲಿಸ್ಬಹುದು ಮಾರಾಯ್ತಿ, ಕಾನೂನು ನನ್ನದೇ ಅಲ್ವಾ.”

“ಇಲ್ಲ. ಅವನೇ ಇರ್ಲಿ.”

ಫೋನು ಇಟ್ಟು ಅಪ್ಪನ ಕೋಣೆಗೆ ಹೋದೆ. ನಸೀಮಾ ಫೋನು ಮಾಡಿದ್ದಳು, ಆ ಪುಸ್ತಕದ ಕೊನೆಯದ್ದು ಸಿಕ್ಕಿತಂತೆ ಎಂದೆ. ಅಪ್ಪ ಯಾವ ಪುಸ್ತಕ ಎಂದರು. ಗೋಡೆಯವನದ್ದು, ಬಾವಿಕಟ್ಟೆಯಲ್ಲಿ ಕೂತು ಹೇಳಿದ್ದೆನಲ್ಲ, ಲಾರಿಪೂಜೆಯ ದಿನ ಮೂರು ಸಲ ಮುಟ್ಟಿದ್ದೆನಲ್ಲ ಎಂದೆ.

“ನೀನು ಮುಟ್ಟಿದ್ದಾ? ನೆನಪಿಲ್ಲ ಮಗಾ.”

ಇಷ್ಟು ವರ್ಷ ನಾನು ಆ ಅರ್ಧ ಗಂಟೆಯನ್ನು ಇಬ್ಬರದ್ದು ಎಂದು ತಿಳಿದಿದ್ದೆ. ಆ ದಿನ ಆ ಕೋಣೆಯಲ್ಲಿ ಅದು ನನ್ನೊಬ್ಬಳದ್ದಾಯಿತು.

ಅಪ್ಪ ಹೋದದ್ದು ಈ ಚಳಿಗಾಲದ ಒಂದು ಬೆಳಿಗ್ಗೆ, ಮಿಂದು ಬಂದು ಕುರ್ಚಿಯಲ್ಲಿ ಕೂತವರು ಹಾಗೆಯೇ. ಅಮ್ಮ ಕರೆದಳು. ನಾನು ಓಡಿ ಹೋಗಿ ಅವರ ಕೈ ಹಿಡಿದೆ. ಇನ್ನೂ ಬೆಚ್ಚಗಿತ್ತು. ಗುಡಿ ಬಿಟ್ಟು ಇಷ್ಟು ವರ್ಷವಾದರೂ ದಡ್ಡು ಹಾಗೆಯೇ ಇತ್ತು. ನೆಂಟರು ಬಂದು ಎಬ್ಬಿಸುವವರೆಗೆ ನಾನು ಆ ಕೈ ಬಿಡಲಿಲ್ಲ, ನನ್ನ ತಲೆಯ ಮೇಲೆ ಒಮ್ಮೆ ಇಟ್ಟುಕೊಂಡೆ ಕೂಡ. ಹನ್ನೊಂದು ಗಂಟೆಗೆ ಅವರನ್ನು ಒಯ್ದರು. ಒಯ್ದ ಮೇಲೆ ಮನೆ ಗುಡಿಸಿ ಒರೆಸಿ, ಮುಟ್ಟಿದವರೆಲ್ಲ ಮೀಯಬೇಕು. ಒಬ್ಬೊಬ್ಬರಾಗಿ ಮಿಂದು ಬಂದರು, ಅಮ್ಮನೂ ಮಿಂದಳು. ಹಾಲಿನಲ್ಲಿ ನೆಲದ ಮೇಲೆ ಕೂತಿದ್ದ ನನ್ನ ಹತ್ತಿರ, ಅಮ್ಮನ ತಂಗಿ ಪದ್ಮಚಿಕ್ಕಮ್ಮ ಎರಡು ಹೆಜ್ಜೆ ದೂರದಲ್ಲಿ ಬಂದು ನಿಂತರು. ಅವರದ್ದು ಮಿಂದಾಗಿತ್ತು.

“ವಸೂ, ಏಳು. ನೀನೊಬ್ಬಳೇ ಬಾಕಿ. ನೀರು ಬಿಸಿ ಉಂಟು.”

ನನ್ನ ಕೈ ನನ್ನ ಮಡಿಲಲ್ಲಿತ್ತು. ಮಿಂದರೆ ಅಪ್ಪನನ್ನು ಮುಟ್ಟಿದ್ದು ತೊಳೆದು ಹೋಗುತ್ತದೆ.

“ಹೇಗೂ ಮುಟ್ಟಿ ಆಯ್ತಲ್ಲ ಚಿಕ್ಕಮ್ಮ,” ಎಂದೆ. “ಸ್ವಲ್ಪ ಹೊತ್ತು ಇರ್ಲಿ.”

ಅವರಿಗೆ ಅರ್ಥವಾಗಲಿಲ್ಲ. ಒಳಗೆ ಹೋದರು. ಗೀಸರಿನ ದೀಪ ಆರಿ, ನೀರು ತಣಿದು, ಮಧ್ಯಾಹ್ನವಾಯಿತು. ನಾನು ಏಳಲಿಲ್ಲ.